ಎಸರಮ್ಮ

ಪಾತ್ರೆಯನ್ನು ಬಗ್ಗಿಸಿ ನೀರನ್ನು ಬಚ್ಚಲಿಗೆ ಚೆಲ್ಲುವುದರಲ್ಲಿದ್ದಳು ಅಕ್ಕ. ತಮ್ಮ ಓಡಿಬಂದು ಅವಳ ಮುಂಗೈ ಹಿಡಿದುಕೊಂಡ.

"ಚೆಲ್ಲಬೇಡ."

"ಬಂದವರಿಗೆ ಟೀ ಕಾಯಿಸಬೇಕಲ್ಲೋ. ಇರೋದೇ ಇದೊಂದು ದೊಡ್ಡ ಪಾತ್ರೆ."

"ಎದುರುಮನೆಯಿಂದ ಬೇರೆ ತರ್ತೀನಿ. ಆ ನೀರು ಅಮ್ಮ ನಿನ್ನೆ ತುಂಬಿಟ್ಟಿದ್ದು."

ಅಕ್ಕ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟಳು. ರಾತ್ರಿ ಮಲಗುವ ಮುಂಚೆ ಪಾತ್ರೆಗೆ ನೀರು ತುಂಬಿಡುವುದು, ಬೆಳಿಗ್ಗೆ ಎದ್ದು ಒಲೆ ಹಚ್ಚಿ ಪ್ರಾರ್ಥನೆ ಮಾಡುವುದು ಅಮ್ಮನ ಹಳೆಯ ಪದ್ಧತಿ. ಇವತ್ತು ಒಲೆ ಹಚ್ಚಲು ಅಮ್ಮ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದಳು. ಪಾತ್ರೆಯ ತಳದಲ್ಲಿ ಅಂಗೈ ಅಗಲದ ಒಂದು ಕಪ್ಪು ಕಲೆಯಿತ್ತು. ಅಕ್ಕ ಅದನ್ನು ಬೇಕೆಂದೇ ನೋಡಲಿಲ್ಲ.

ನಡುಮನೆಯಲ್ಲಿ ಅಮ್ಮನ ಶವಪೆಟ್ಟಿಗೆಯ ಸುತ್ತ ಜನ ಕೂತಿದ್ದರು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅಮ್ಮನ ಜೊತೆ ದುಡಿದ ಹೆಂಗಸರು ಹೊಸದಾಗಿ ಇಸ್ತ್ರಿ ಮಾಡಿದ ಬಿಳಿ ಹಾಸು ತಂದು ಹೊದಿಸಿದ್ದರು. "ಒಂದು ಸುಕ್ಕು ಕಂಡ್ರೂ ಎದ್ದು ಕೂತು ಬೈತಾಳೆ ಇವಳು" ಎಂದಳು ಒಬ್ಬಳು. ಅಂದವಳೇ ಅಳತೊಡಗಿದಳು.

ಪ್ರಾರ್ಥನೆ ನಡೆಸಲು ಬಂದಿದ್ದ ಹಿರಿಯರು ಅಕ್ಕನನ್ನು ಪಕ್ಕಕ್ಕೆ ಕರೆದರು. "ನಿಮ್ಮ ತಾಯಿ ಹೋದ ತಿಂಗಳು ನನಗೊಂದು ಮಾತು ಹೇಳಿದ್ರಮ್ಮ. ಮಣ್ಣು ಹಾಕೋ ಮುಂಚೆ, ಅವರು ದಿನಾ ಮಾಡ್ತಿದ್ದ ಪ್ರಾರ್ಥನೇನ ದೊಡ್ಡ ಮಗಳೇ ಹೇಳಬೇಕಂತೆ."

"ತಮ್ಮ ಹೇಳ್ತಾನೆ ಬಿಡಿ."

"ನೀವೇ ಹೇಳಬೇಕು ಅಂದ್ರು."

"ನಾನು ಬಸ್ ಓಡಿಸೋಳು ಅಯ್ಯಾ. ಕಣ್ಣು ಮುಚ್ಚೋ ಕೆಲಸ ನನಗೆ ಬರಲ್ಲ."

ಹತ್ತಿರವಿದ್ದ ಯಾರೋ ನಕ್ಕರು. ಅವಳು ತಮಾಷೆಗೆ ಹೇಳಿರಲಿಲ್ಲ. ಹತ್ತನೇ ವಯಸ್ಸಿನಿಂದ ಅವಳು ಪ್ರಾರ್ಥನೆಗೆಂದು ಕಣ್ಣು ಮುಚ್ಚಿದವಳಲ್ಲ. ಅಮ್ಮನಿಗೆ ಅದು ಗೊತ್ತಿತ್ತು. ನಲವತ್ತೊಂದು ವರ್ಷ ಇಬ್ಬರೂ ಆ ಮಾತು ಎತ್ತಲಿಲ್ಲ. ಈಗ ಅಮ್ಮ ಉತ್ತರ ಕೇಳುವ ಗೋಜಿಲ್ಲದ ಹೊತ್ತು ನೋಡಿ ಎತ್ತಿದ್ದಳು. ಅಕ್ಕನಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಸಂಕಟವಾಯಿತು. ನಂಬದ ಮಾತನ್ನು ಹೆಣದ ಮುಂದೆ ಹೇಳಿದರೆ ಅಮ್ಮನಿಗೆ ಮೋಸ, ಹೇಳದಿದ್ದರೆ ಅವಳ ಕೊನೆಯ ಆಸೆಗೆ ಕಲ್ಲು ಹಾಕಿದಂತೆ.

*

ಅಪ್ಪ ಸತ್ತ ಮೇಲೆ ಅಮ್ಮ ಆಸ್ಪತ್ರೆಯ ಹಾಸುಗಳಿಗೆ ಇಸ್ತ್ರಿ ಹಾಕುವ ದಿನಗೂಲಿಗೆ ಸೇರಿದಳು. ಕೆಲಸವಿದ್ದ ದಿನ ಅಕ್ಕಿ, ಇಲ್ಲದ ದಿನ ಇಲ್ಲ. ಆದರೆ ಒಲೆಯ ಮೇಲಿನ ಪಾತ್ರೆ ಒಂದು ದಿನವೂ ತಪ್ಪಿದ್ದಿಲ್ಲ.

"ಅಕ್ಕೀನೇ ಇಲ್ಲ, ಎಸರು ಯಾಕಮ್ಮ ಇಡ್ತೀಯ?" ಎಂದು ಮಗಳು ಕೇಳುತ್ತಿದ್ದಳು.

"ಎಸರಿಡೋದು ನಮ್ಮ ಕೆಲಸ ಕಣೇ. ಅಕ್ಕಿ ಹಾಕೋದು ಅವನ ಕೆಲಸ."

ಆಮೇಲೆ ಒಲೆಯ ಮುಂದೆ ನಿಂತು ಕಣ್ಣು ಮುಚ್ಚಿ ಹೇಳುತ್ತಿದ್ದಳು: "ತಂದೆ, ಇವತ್ತಿನದು ಇವತ್ತಿಗೆ ಕೊಡು. ಹೊಟ್ಟೆಗೂ ಕೊಡು, ಮನಸ್ಸಿಗೂ ಕೊಡು. ನಾಳೆಯದನ್ನ ನಾಳೆ ಕೇಳ್ತೀನಿ." ಅಷ್ಟೇ ಪ್ರಾರ್ಥನೆ. ನೀರು ಮರಳುವಷ್ಟರಲ್ಲಿ ಎಲ್ಲಿಂದಲೋ ಏನೋ ಬರುತ್ತಿತ್ತು. ಮೆಟ್ಟಿಲು ತೊಳೆದು ಕೊಡು ಎಂದು ಯಾರೋ ಕರೆಯುತ್ತಿದ್ದರು, ಯಾರೋ ಹಿಂದೆಂದೋ ಸಾಲ ಪಡೆದ ಹಿಟ್ಟನ್ನು ಹಿಂತಿರುಗಿಸುತ್ತಿದ್ದರು. ಬೀದಿಯವರು ಅವಳಿಗೆ ಎಸರಮ್ಮ ಎಂದು ಹೆಸರಿಟ್ಟರು. ಎಸರಮ್ಮನ ಮನೆಯಲ್ಲಿ ದೇವರೂ ದಿನಾ ಬೆಳಿಗ್ಗೆ ಹಾಜರಿ ಹಾಕಬೇಕು ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಅಮ್ಮ ಪ್ರಾರ್ಥಿಸುವಾಗ ಮಗಳು ಒಂದೇ ಕಣ್ಣು ಮುಚ್ಚುತ್ತಿದ್ದಳು. ಇನ್ನೊಂದು ಬಾಗಿಲ ಮೇಲಿರುತ್ತಿತ್ತು. "ಕಳ್ಳಿ, ಒಂದು ಕಣ್ಣು ದೇವರಿಗೆ, ಒಂದು ಕಣ್ಣು ಬಾಗಿಲಿಗೆ" ಎಂದು ಅಮ್ಮ ಕೆನ್ನೆ ಹಿಂಡುತ್ತಿದ್ದಳು.

ಒಂದು ದಿನ ಏನೂ ಬರಲಿಲ್ಲ. ಮರಳುತ್ತಿದ್ದ ನೀರನ್ನು ಬಿಟ್ಟು ಅಮ್ಮ ಹೊರಗೆ ಹೋದಳು, ಬಹಳ ಹೊತ್ತು ಬರಲಿಲ್ಲ. ನೀರು ಇಂಗಿತು, ಪಾತ್ರೆಯ ತಳ ಸೀದು ಹೊಗೆ ಎದ್ದಿತು. ತಮ್ಮ ಹಸಿವಿನಿಂದ ಅತ್ತು ಅತ್ತು ಮಲಗಿಬಿಟ್ಟಿದ್ದ. ಅಮ್ಮ ಬರಿಗೈಯಲ್ಲಿ ಬಂದಳು. ಪಾತ್ರೆಗೆ ಮತ್ತೆ ನೀರು ಸುರಿದು ಕಾಯಿಸಿ, ಉಪ್ಪು ಹಾಕಿ, ಇಬ್ಬರಿಗೂ ಲೋಟದಲ್ಲಿ ಕೊಟ್ಟಳು. ಕುಡಿಯುವ ಮುಂಚೆ ದೇವರಿಗೆ ಕೃತಜ್ಞತೆ ಹೇಳಿದಳು.

"ಇವತ್ತು ಅವನು ಕೊಡಲಿಲ್ಲ ಅಲ್ವಾಮ್ಮ?" ಎಂದಳು ಮಗಳು.

"ಕೊಟ್ಟ ಮಗಳೇ."

"ಎಲ್ಲಿ?"

ಅಮ್ಮ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಸೀದ ತಳ ಉಜ್ಜತೊಡಗಿದಳು. ದೇವರ ಮಾನ ಉಳಿಸಲು ಅಮ್ಮ ಸುಳ್ಳು ಹೇಳುತ್ತಿದ್ದಾಳೆ ಎಂದು ಮಗಳಿಗೆ ಅನ್ನಿಸಿತು. ಅವತ್ತಿನಿಂದ ಅವಳು ಇನ್ನೊಂದು ಕಣ್ಣನ್ನೂ ತೆರೆದಳು.

*

ಸ್ಮಶಾನದಲ್ಲಿ ತೋಡಿದ ಗುಂಡಿಯ ಪಕ್ಕ ಹಿರಿಯರು ಪುಸ್ತಕ ಮುಚ್ಚಿ ಅಕ್ಕನ ಕಡೆ ನೋಡಿದರು. ಎಲ್ಲರೂ ತಲೆ ತಗ್ಗಿಸಿದರು. ಅಕ್ಕ ಬಾಯಿ ತೆರೆದಳು. "ತಂದೆ" ಎಂದಳು. ಮುಂದಿನ ಮಾತು ಅವಳಿಗೆ ಚೆನ್ನಾಗಿ ನೆನಪಿತ್ತು, ಆದರೆ ನಾಲಿಗೆಯ ಮೇಲೆ ಉಪ್ಪುನೀರಿನ ರುಚಿ ಬಂತು. ಗುದ್ದಲಿ ಹಿಡಿದವರು ಕಾದರು. ಕೊನೆಗೆ ತಮ್ಮ ಮೆಲ್ಲಗೆ ಉಳಿದಿದ್ದನ್ನು ಹೇಳಿ ಮುಗಿಸಿದ.

ವಾಪಸು ಬರುವಾಗ ಅಕ್ಕ ಯಾರ ಜೊತೆಯೂ ನಡೆಯಲಿಲ್ಲ. ಅಮ್ಮನಿಗೆ ಕೊನೆಗೂ ಇಲ್ಲ ಎಂದುಬಿಟ್ಟೆನಲ್ಲ ಎಂಬ ನೋವೊಂದೇ ಅವಳ ಜೊತೆಗಿತ್ತು.

ಅವಳು ಅಡುಗೆಮನೆಯ ಮಣೆಯ ಮೇಲೆ ಕೂತಿದ್ದಾಗ ಎದುರುಮನೆಯ ಅತ್ತೆ ಬಂದಳು. ಎಂಬತ್ತರ ಹತ್ತಿರದ ಮುದುಕಿ, ಗೋಡೆ ಹಿಡಿದೇ ಒಳಗೆ ಬಂದಳು. ಅವಳ ಮಗ, ವೆಲ್ಡಿಂಗ್ ಕೆಲಸದವನು, ಪೆಟ್ಟಿಗೆಗೆ ಮುಂದಿನಿಂದ ಹೆಗಲು ಕೊಟ್ಟಿದ್ದ. ಈಗ ಹೊರಗೆ ಕುರ್ಚಿಗಳನ್ನು ಮಡಚುತ್ತಿದ್ದ.

"ಪ್ರಾರ್ಥನೆ ನಿಲ್ಲಿಸಿಬಿಟ್ಟೆಯಲ್ಲೇ" ಎಂದಳು ಅತ್ತೆ.

"ನನ್ನಿಂದ ಆಗಲಿಲ್ಲ ಅತ್ತೆ. ಆ ಪಾತ್ರೆ ಸೀದ ದಿನ ನನ್ನ ತಲೆಯಿಂದ ಹೋಗಿಲ್ಲ."

ಅತ್ತೆ ಪಾತ್ರೆಯ ಕಡೆ ನೋಡಿದಳು.

"ಅವತ್ತು ನಿಮ್ಮಮ್ಮನಿಗೆ ಅಕ್ಕಿ ಸಿಕ್ಕಿತ್ತು ಕಣೇ."

ಅಕ್ಕ ತಲೆಯೆತ್ತಿದಳು.

"ಆಸ್ಪತ್ರೆಯ ಸೂಪರ್‌ವೈಸರಮ್ಮ ಒಂದು ಸೇರು ಕೊಟ್ಟಿದ್ದಳು. ಸೆರಗಿನಲ್ಲಿ ಕಟ್ಟಿಕೊಂಡು ಬರ್ತಿದ್ದಳು. ನಾನು ನಾಲ್ಕು ದಿನದ ಬಾಣಂತಿ. ಎರಡು ದಿನದಿಂದ ಹೊಟ್ಟೆಗಿಲ್ಲ, ಎದೆ ಬತ್ತಿಹೋಗಿತ್ತು. ಗಂಡ ಎಲ್ಲೋ ಹೋದವನು ಬಂದಿರಲಿಲ್ಲ. ಮಗು ಅಳೋದು ಕೇಳಿ ಒಳಗೆ ಬಂದಳು. ನನ್ನ ಒಲೆ ಹಚ್ಚಿ, ಗಂಜಿ ಮಾಡಿ, ಕುಡಿಸಿಯೇ ಎದ್ದಳು."

"ಮನೇಲಿ ನಾವಿದ್ವಲ್ಲ ಅತ್ತೆ." ಅಕ್ಕನ ದನಿ ಹತ್ತು ವರ್ಷದ ಹುಡುಗಿಯದಾಯಿತು. "ನಮಗೂ ಹಸಿವಾಗಿತ್ತು."

"ನಾನೂ ಅದನ್ನೇ ಅಂದೆ. ಅರ್ಧವಾದರೂ ತಗೊಂಡು ಹೋಗು ಅಂದೆ. 'ಅರ್ಧ ನಿನಗೆ ಸಂಜೆಗೆ ಬೇಕು. ನನ್ನ ಮಕ್ಕಳು ನಾಳೆವರೆಗೆ ತಡೀತಾರೆ, ಇದು ತಡೆಯಲ್ಲ' ಅಂದಳು. ಅಂದವಳೇ ಗೋಡೆ ಕಡೆ ತಿರುಗಿ ಅತ್ತಳು."

"ಒಂದು ಮಾತು ಹೇಳಬಹುದಿತ್ತು ನನಗೆ."

"ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದೇ ನಾನು. ಬೀದಿಯವರಿಗೆ ಗೊತ್ತಾದರೆ ನನ್ನ ಮರ್ಯಾದೆ ಹೋಗುತ್ತೆ ಅಂತ. ನೀನು ದೇವರ ಮೇಲೆ ಮುನಿಸಿಕೊಂಡಿದ್ದು ಯಾಕೆ ಅಂತ ನನಗೆ ಗೊತ್ತಿರಲಿಲ್ಲ ತಾಯಿ. ಅವಳಿಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ."

ಹೊರಗೆ ಕುರ್ಚಿ ಮಡಚುವ ಸದ್ದು ಕೇಳುತ್ತಿತ್ತು. ಅಕ್ಕ ಕಿಟಕಿಯಿಂದ ನೋಡಿದಳು. ನೆತ್ತಿ ಬೋಳಾಗತೊಡಗಿದ್ದ ಆ ದಪ್ಪನೆಯ ಮನುಷ್ಯ ಎರಡೆರಡು ಕುರ್ಚಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೋಗುತ್ತಿದ್ದ. ಕೊಟ್ಟ ಮಗಳೇ, ಎಂದಿದ್ದಳು ಅಮ್ಮ. ಎಲ್ಲಿ ಎಂದು ಮಗಳು ಕೇಳಿದ್ದಳು. ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಅವಳ ತಲೆ ಸವರುತ್ತ ನಿಂತಳು.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಎದ್ದು ಬೆಂಕಿಪೊಟ್ಟಣ ಹುಡುಕಿದಳು. ತಮ್ಮ ಬಾಗಿಲಲ್ಲಿ ಬಂದು ನಿಂತ.

"ಈಗ ಯಾಕಕ್ಕ ಒಲೆ? ಊಟ ಎಲ್ಲಾ ಮನೆಯಿಂದಲೂ ಬಂದಿದೆ."

"ಇರಲಿ ಬಿಡು."

ಅವಳು ಒಲೆ ಹಚ್ಚಿದಳು. ಅಮ್ಮ ತುಂಬಿಟ್ಟಿದ್ದ ನೀರು ಮೊದಲು ಸಣ್ಣಗೆ ಗುನುಗಿತು, ಆಮೇಲೆ ತಳದ ಕಪ್ಪು ಕಲೆಯ ಮೇಲಿಂದ ಗುಳ್ಳೆಗಳು ಎದ್ದವು. "ತಂದೆ, ಇವತ್ತಿನದು ಇವತ್ತಿಗೆ" ಎಂದು ಶುರುಮಾಡಿದಳು. ಹೊರಗೆ ಯಾರೋ ಬಾಗಿಲು ತಟ್ಟಿದರು, ತಮ್ಮ ಹೋಗಿ ತೆರೆದ. ಅಕ್ಕ ಆ ಕಡೆ ತಿರುಗಲಿಲ್ಲ. ಹಬೆ ಮುಖಕ್ಕೆ ಬಡಿಯುತ್ತಿತ್ತು. ಅವಳ ಎರಡೂ ಕಣ್ಣು ಮುಚ್ಚಿದ್ದವು.