ಗೂಡಿನ ಗಾಳಿ

"ಇದು ಓಡ್ತಿದ್ಯೋ, ನಿದ್ದೆ ಹೊಡೀತಿದ್ಯೋ?" ಎಂದ ಅವನು.

ಅಂಗಡಿಯವನು ನಕ್ಕ. ಮೇಜಿನ ಮೇಲಿದ್ದ, ಬಣ್ಣ ಸಿಂಪಡಿಸುವಾಗ ಏಳುವ ಮಂಜನ್ನು ಹೊರಗೆಳೆಯುವ ಬಿಳಿ ಸ್ಪ್ರೇ ಬೂತು ಸೂಟ್‌ಕೇಸಿಗಿಂತ ದೊಡ್ಡದೇನಲ್ಲ. ಮುಂದೆ ತೆರೆದ ಬಾಯಿ, ಹಿಂದೆ ಹತ್ತಿಯಂಥ ಫಿಲ್ಟರು, ಅದರ ಹಿಂದೆ ಫ್ಯಾನು, ಬೆನ್ನಿಗೊಂದು ಸೊಂಡಿಲಿನಂಥ ಪೈಪು. ಸ್ವಿಚ್ಚು ಹಾಕಿದ್ದರೂ ಪಕ್ಕದ ಕೋಣೆಯಲ್ಲಿ ಯಾರೋ ಸೀರೆ ಮಡಚಿದಷ್ಟೇ ಸದ್ದು. ಮನೆಯಲ್ಲಿ ಅಣ್ಣ ಹಲಗೆ ಹೊಡೆದು ಮಾಡಿಟ್ಟ ಗೂಡು ಹೀಗಲ್ಲ. ಅದನ್ನು ಹಾಕಿದರೆ ಬೀದಿಯಲ್ಲಿ ಮಲಗಿದ ನಾಯಿ ಎದ್ದು ಕೂರಬೇಕು. ಕಾರುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜಿನಲ್ಲೇ ಮೀಸೆ ಮೂಡಿಸಿಕೊಂಡ ಅಣ್ಣ ಯಂತ್ರಗಳನ್ನು ಕಿವಿಯಲ್ಲೇ ಅಳೆಯುತ್ತಿದ್ದ. ಗದ್ದಲ ಮಾಡೋ ಫ್ಯಾನೇ ದುಡಿಯೋ ಫ್ಯಾನು ಅನ್ನುವುದು ಅವನ ಶಾಸ್ತ್ರ.

"ಸದ್ದಿಲ್ಲ ಅಂದ್ರೆ ಗಾಳಿ ಎಳೆಯಲ್ಲ ಅಂತಾನಾ ಗುರು?" ಅಂಗಡಿಯವನು ಮೂಗೊರೆಸುವ ತೆಳುಕಾಗದದ ಚೂರೊಂದನ್ನು ಬೂತಿನ ಬಾಯಿಯೆದುರು ಹಿಡಿದು ಬಿಟ್ಟ. ಕಾಗದ ಕೆಳಗೆ ಬೀಳಲಿಲ್ಲ. ಸೀದಾ ಒಳಗೆ ಹೋಗಿ ಫಿಲ್ಟರಿಗೆ ಅಂಟಿಕೊಂಡಿತು. "ಮನೇಲಿ ಮಾಡಿದ್ದು ಕೆಟ್ಟದ್ದು ಅಂತ ನಾನು ಹೇಳಲ್ಲ. ಹೋಗಿ ಹೀಗೇ ಕಾಗದ ಹಿಡಿದು ನೋಡು. ಅಂಟ್ಕೊಂಡ್ರೆ ಅದನ್ನೇ ಇಟ್ಕೋ. ಈ ಕಡೆ ತಲೆ ಹಾಕ್ಬೇಡ."

"ನನ್ನಣ್ಣ ಮಾಡಿದ್ದಕ್ಕೆ ನೀನು ಪರೀಕ್ಷೆ ಇಡ್ತೀಯಾ?" ಎಂದು ಎದ್ದು ಬಂದ. ದಾರಿಯುದ್ದಕ್ಕೂ ಕೋಪ ಅವನ ಜೊತೆಗೇ ನಡೆಯಿತು. ಅದಕ್ಕೆ ಬೇರೆ ಮನೆಯಿರಲಿಲ್ಲ. ಕ್ಲಾಸಿನ ಕಿಟಕಿಯಿಂದ ಹಾರಿ ಓದು ಬಿಟ್ಟ ದಿನದಿಂದ ಅದು ಇವನಲ್ಲೇ ಬಾಡಿಗೆಗಿತ್ತು. ಅಣ್ಣ ಅವನನ್ನು ಸಿಡುಕ ಎಂದೇ ಕರೆಯುತ್ತಿದ್ದ. ಆ ಅಣ್ಣ ಹೋದ ವರ್ಷ ಸತ್ತ. ಎಕ್ಸ್‌ರೇ ಬೆಳಕಿಗೆ ಹಿಡಿದ ಡಾಕ್ಟರು, ಬೀಡಿಯೋ ಸಿಗರೇಟೋ ಎಂದು ಕೇಳಿದ್ದರು. ಜನ್ಮದಲ್ಲಿ ಒಂದು ಬೀಡಿಯನ್ನೂ ಸೇದದವನ ಬಗ್ಗೆ ಹಾಗೆ ಕೇಳಿದ್ದಕ್ಕೆ ಸಿಡುಕ ಅವರ ಕಾಲರಿಗೇ ಕೈಹಾಕಲು ಹೋಗಿದ್ದ.

ಗ್ಯಾರೇಜಿನ ಹೊಗೆ ಆಗದೆಂದೇ ಅಣ್ಣ ಮಾದರಿಗಳ ಕೆಲಸಕ್ಕೆ ಇಳಿದಿದ್ದು. ಕಂಪನಿಗಳ ಗಾಜಿನ ಪೆಟ್ಟಿಗೆಯಲ್ಲಿ ಇಡುವ ಅಂಗೈ ಉದ್ದದ ಬಸ್ಸು, ರೈಲು, ಹಡಗು. ಸಣ್ಣ ಬಂಡಿಗೆ ಸಣ್ಣ ಹೊಗೆ ಎಂದು ನಗುತ್ತಿದ್ದ. ಈಗ ಕೊರೆದು ಅಂಟಿಸುವುದು ಸಿಡುಕ, ಬಣ್ಣ ಹೊಡೆಯುವುದು ಅತ್ತಿಗೆ. ಬಣ್ಣದ ಗನ್ನು ಹಿಡಿಯಲು ಸಮಾಧಾನ ಬೇಕು, ಮನೆಯಲ್ಲಿದ್ದ ಸಮಾಧಾನವೆಲ್ಲ ಅಣ್ಣನ ಪಾಲಿಗೇ ಹೋಗಿತ್ತು. ಅತ್ತಿಗೆಯ ಕೈ ಮಾತ್ರ ಥೇಟು ಅಣ್ಣನದೇ. ಈಚೆಗೆ ಕೆಮ್ಮೂ ಥೇಟು ಅಣ್ಣನದೇ. ಒಣ ಕೆಮ್ಮು, ಎರಡು ಸಲ, ಆಮೇಲೆ ಗಂಟಲು ಸರಿಮಾಡಿಕೊಳ್ಳುವುದು. ಅಡುಗೆಮನೆಯಿಂದ ಅದು ಕೇಳಿದಾಗ ಒಂದೊಂದು ಸಲ ಅವನು ಅಣ್ಣ ಎದ್ದನೆಂದೇ ತಿರುಗಿ ನೋಡುತ್ತಿದ್ದ.

ಆ ಕೆಮ್ಮು ಕೇಳಲಾರದೆ ಅವನು ಹೊಸ ಬೂತಿನ ಮಾತೆತ್ತಿದರೆ ಅತ್ತಿಗೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ಗೂಡು ಹೋದ್ರೆ ನಾನೂ ಹೋದೆ ಅಂತಿಟ್ಕೋ" ಎನ್ನುತ್ತಿದ್ದಳು. ಅದರ ಮುಂದೆ ಕೂತು ಫ್ಯಾನು ಹಾಕಿದರೆ ಎಡಗೆನ್ನೆಯ ಮೇಲೆ ಉಸಿರು ತಾಗುತ್ತದಂತೆ. "ಅವರೇ ಕಣೋ. ನಾನೆಲ್ಲಿ ಬಣ್ಣ ಸೋರಿಸ್ತೀನೋ ಅಂತ ಬಗ್ಗಿ ನೋಡ್ತಾರೆ." ಬಾಗಿಲು ಮುಚ್ಚಿದ ಕೋಣೆಯಲ್ಲಿ, ಫ್ಯಾನಿನ ಆರ್ಭಟದ ನಡುವೆ, ಅತ್ತಿಗೆ ಯಾರೊಂದಿಗೋ ಮಾತಾಡುವುದು ಅವನಿಗೆ ಕೇಳಿಸಿತ್ತು. ಒಮ್ಮೆ ಅವಳಿಲ್ಲದಾಗ ತಾನೂ ಹೋಗಿ ಕೂತಿದ್ದ. ಉಸಿರು ಬಂದೇ ಬಂತು. ಬೆಚ್ಚಗೂ ಅಲ್ಲದ ತಣ್ಣಗೂ ಅಲ್ಲದ ಉಸಿರು. ಸ್ಟೂಲು ಬೀಳಿಸಿ ಎದ್ದು ಓಡಿದ್ದ. ಆ ಮಾತನ್ನು ಯಾರಿಗೂ ಹೇಳಿರಲಿಲ್ಲ.

ಅಂಗಡಿಯಿಂದ ಮನೆಗೆ ಬಂದಾಗ ಅತ್ತಿಗೆ ಇರಲಿಲ್ಲ. ಕಾಗದದ ಚೂರು ಹಿಡಿದು ಗೂಡಿನ ಮುಂದೆ ಕೂತ. ಸ್ವಿಚ್ಚು ಹಾಕಿದ್ದೇ ಫ್ಯಾನು ಬೊಬ್ಬೆ ಹೊಡೆಯಿತು. ಕೈಬಿಟ್ಟ. ಕಾಗದ ಒಳಗೆ ಹೋಗಲಿಲ್ಲ. ಸುಮ್ಮನೆ ಒಂದು ಗಳಿಗೆ ತೇಲಿ, ಮೆಲ್ಲಗೆ ಇತ್ತ ತಿರುಗಿ, ಅವನ ಕೆನ್ನೆಗೇ ಬಂದು ಕೂತಿತು. ಎಡಗೆನ್ನೆಗೆ.

ಇನ್ನೊಮ್ಮೆ ಬಿಟ್ಟ. ಅದೇ ಆಯಿತು.

ಫ್ಯಾನು ಆರಿಸಿ ಹಿಂದಿನ ಪೈಪು ಕಿತ್ತ. ಒಳಗೆ ಬೆರಳು ತೂರಲೂ ಜಾಗವಿಲ್ಲ. ಬಸ್ಸಿನ ಕೆಂಪು, ಹಡಗಿನ ಬೂದು, ರೈಲಿನ ಹಸಿರು, ಎಲ್ಲ ಪುಡಿಪುಡಿಯಾಗಿ ಸೇರಿ ಕಲ್ಲಾಗಿತ್ತು. ಹೊರಗೆ ಹೋಗಲು ದಾರಿಯಿಲ್ಲದ ಗಾಳಿ ಒಳಗೇ ತಿರುಗಿ, ಮೇಲಿನ ಹಲಗೆ ಬಿರುಕು ಬಿಟ್ಟಲ್ಲಿಂದ ನುಸುಳಿ, ಕೂತವರ ಮುಖಕ್ಕೆ ಬಣ್ಣದ ಸಮೇತ ಇಳಿಯುತ್ತಿತ್ತು. ಪೈಪು ಕಟ್ಟಿಕೊಂಡಷ್ಟೂ ಫ್ಯಾನಿನ ಅರಚಾಟ ಹೆಚ್ಚಿತ್ತು. ಅರಚಾಟ ಹೆಚ್ಚಿದಷ್ಟೂ ಅಣ್ಣ ಖುಷಿಪಟ್ಟಿದ್ದ.

ಸುತ್ತಿಗೆ ಕೈಗೆ ಬಂದದ್ದೇ ಅವನಿಗೆ ತಿಳಿಯಲಿಲ್ಲ.

"ಏನೋ ಮಾಡ್ತಿದ್ದೀಯ?" ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು, ಚೀಲ ಇನ್ನೂ ಕೈಯಲ್ಲೇ. "ಇಡು ಅದನ್ನ ಕೆಳಗೆ. ಸಿಟ್ಟು ಬಂದ್ರೆ ಗೋಡೆಗೆ ತಲೆ ಚಚ್ಕೋ, ಗೋಡೆಗೇನೂ ಆಗಲ್ಲ."

"ಅತ್ತಿಗೆ, ನೀವು ಇನ್ಮೇಲೆ ಇದರ ಮುಂದೆ ಕೂರೋ ಹಾಗಿಲ್ಲ."

"ಅಂಗಡಿಯವನು ಚೆನ್ನಾಗಿ ಊದಿದ್ದಾನೆ ಕಿವೀಲಿ."

ಅವನು ಸುತ್ತಿಗೆ ಕೆಳಗಿಟ್ಟ. ಪೈಪು ಹಾಳಾಗಿದೆ ಎಂದಷ್ಟೇ ಹೇಳಿ ಸುಮ್ಮನಿರಬಹುದಿತ್ತು. ಆದರೆ ಅಷ್ಟು ಹೇಳಿದರೆ ಇವಳು ಫ್ಯಾನು ಹಾಕುತ್ತಾಳೆ, ಕಣ್ಣು ಮುಚ್ಚುತ್ತಾಳೆ, ಕೆನ್ನೆ ಒಡ್ಡುತ್ತಾಳೆ. ಅತ್ತಿಗೆ ಎರಡು ಸಲ ಕೆಮ್ಮಿದಳು, ಗಂಟಲು ಸರಿಮಾಡಿಕೊಂಡಳು.

"ಅದು ಅಣ್ಣ ಅಲ್ಲ" ಎಂದ. "ನಿಮ್ಮ ಕೆನ್ನೆಗೆ ಬರೋದು. ಪೈಪು ಕಟ್ಕೊಂಡಿದೆ. ನೀವು ಹೊಡೆದ ಬಣ್ಣಾನೇ ತಿರುಗಿ ನಿಮ್ಮ ಮೂಗಿಗೆ ಬರ್ತಿದೆ. ನಿನ್ನೆ ಮೊನ್ನೆಯಿಂದ ಅಲ್ಲ." ಪೈಪನ್ನು ಅವಳ ಮುಂದೆ ಹಿಡಿದ.

ಅತ್ತಿಗೆ ಚೀಲ ಕೆಳಗಿಟ್ಟಳು. ಪೈಪು ತೆಗೆದುಕೊಂಡು ಒಳಗೆ ಇಣುಕಿದಳು. ಉಗುರಿನಿಂದ ಕೆರೆದಳು. ಮೇಲಿನ ಬೂದು ಉದುರಿ, ಕೆಳಗೆ ಹಳದಿ ಕಂಡಿತು. ಆ ಹಳದಿಯನ್ನು ಅವಳು ಯಾವತ್ತೂ ಹೊಡೆದಿರಲಿಲ್ಲ.

"ಅವರಿದ್ದಾಗಲೂ ಹೀಗೇ ಇತ್ತಾ?"

ಅವನು ಹೌದೆಂದು ತಲೆಯಾಡಿಸಿದ.

"ಸೆಕೆಗೆ ಬೇರೆ ಕಡೆ ಕೂರೋಕಾಗಲ್ಲ, ಇಲ್ಲಾದ್ರೆ ತಂಪು ಅಂತಿದ್ರು" ಎಂದಳು. "ಊಟಕ್ಕೆ ಕರೆದ್ರೂ ಏಳ್ತಿರಲಿಲ್ಲ."

ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಪೈಪನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಸರಿ ಮಾಡಕ್ಕಾಗಲ್ವೇನೋ?"

"ಆಗುತ್ತೆ. ಪೈಪು ಬದಲಾಯಿಸಿ ಬಿರುಕು ಮುಚ್ಚಿದ್ರೆ ಮುಗೀತು. ಆದ್ರೆ..." ಎಂದು ನಿಲ್ಲಿಸಿದ. "ಆಮೇಲೆ ಆ ಗಾಳಿ ಬರಲ್ಲ ಅತ್ತಿಗೆ."

ಅವಳು ಬಗ್ಗಿ ಗೂಡಿನ ಒಳಗೆ ನೋಡಿದಳು. ಹಲಗೆಯ ಮೇಲೆ ಹಳೆಯ ಬಣ್ಣಗಳ ನಡುವೆ, ಇಟ್ಟು ತೆಗೆದ ಬಸ್ಸುಗಳ ಖಾಲಿ ಅಚ್ಚುಗಳಿದ್ದವು.

"ಹಾಗಾದ್ರೆ ಅಂಗಡೀದೇ ತಂದ್ಬಿಡು" ಎಂದಳು. "ಇದರ ಮುಂದೆ ಕೂತು ಕಾಯೋದು ನನ್ನ ಕೈಲಾಗಲ್ಲ."

ಮಾರನೆಯ ದಿನ ತಂದ. ಅಂಗಡಿಯವನು ಏನನ್ನೂ ಕೇಳಲಿಲ್ಲ, ಅದಕ್ಕೂ ಇವನಿಗೆ ಸಿಟ್ಟು ಬಂತು. ಹಳೆಯ ಗೂಡನ್ನು ಬಿಚ್ಚಿ ಹಲಗೆಗಳನ್ನು ಹಿತ್ತಿಲಿಗೆ ಸಾಗಿಸಿ, ಹೊಸದನ್ನು ಅದೇ ಮೇಜಿನ ಮೇಲೆ ಕೂರಿಸಿ, ಅದರ ಪೈಪನ್ನು ಕಿಟಕಿಯಿಂದ ಹೊರಗೆ ಬಿಟ್ಟ. ಅತ್ತಿಗೆ ಮೂಗುಬಾಯಿಗೆ ಮಾಸ್ಕು ಕಟ್ಟಿಕೊಂಡು ಹಡಗಿನ ಹೊಟ್ಟೆಗೆ ಬಣ್ಣ ಹೊಡೆದಳು. ಹನಿಯೂ ಸೋರಲಿಲ್ಲ. ಬಣ್ಣದ ಮಂಜು ಎದ್ದಷ್ಟೂ ಫಿಲ್ಟರಿನ ಕಡೆಗೇ ಸರಿದು ಮಾಯವಾಗುತ್ತಿತ್ತು. ಕೋಣೆಯಲ್ಲಿ ಎಷ್ಟು ಮೌನವೆಂದರೆ ಬೀದಿಯಲ್ಲಿ ಯಾರದೋ ಸೈಕಲ್ಲಿನ ಚೈನು ಕೇಳಿಸುತ್ತಿತ್ತು.

ಕೋಣೆಯಲ್ಲಿ ಉಳಿದಿದ್ದ ಒಂದೆರಡು ಹಲಗೆ ಒಯ್ಯಲೆಂದು ಬಂದ ಸಿಡುಕ ಬಾಗಿಲಲ್ಲೇ ನಿಂತ. ಅತ್ತಿಗೆ ಗನ್ನು ಪಕ್ಕಕ್ಕಿಟ್ಟಿದ್ದಳು. ಮಾಸ್ಕು ಬಿಚ್ಚಿದ್ದಳು. ಬಗ್ಗಿ, ಎಡಗೆನ್ನೆಯನ್ನು ಬೂತಿನ ಬಾಯಿಯ ಹತ್ತಿರ ಹಿಡಿದು ಕೂತಿದ್ದಳು. ಅವಳ ಕಿವಿಯ ಬಳಿಯ ಸಡಿಲ ಕೂದಲು ಎದ್ದು, ನೆಟ್ಟಗಾಗಿ, ಒಳಗಿನ ಬಿಳುಪಿನ ಕಡೆಗೆ ಎಳೆದುಕೊಂಡು ನಿಂತಿತ್ತು. ಅವಳು ಅದನ್ನು ಹಿಂದಕ್ಕೆ ಸರಿಸಲಿಲ್ಲ.