ಎಂಟು ಮನೆಯ ಹಾಲು

ಲೋರೆಂಗ್ ಹಟ್ಟಿಯಲ್ಲಿ ಇರುವುದು ಎಂಟೇ ಮನೆ. ತಿಂಗಳ ಮೊದಲ ಮಂಗಳವಾರ ಬಾಡಿಗೆ ಬೈಕಿನ ಹಿಂದೆ ಕೂತು ನಾನು ಅಲ್ಲಿಗೆ ಹೋಗುತ್ತಿದ್ದೆ. ಲೊಡ್ವಾರ್ ಪಟ್ಟಣದ ಬರ ಕಚೇರಿಯವರು ಕೊಟ್ಟ ಫಾರಂ ಹಿಡಿದು ಮನೆಮನೆಯಲ್ಲೂ ಕೇಳಬೇಕು: ನಿನ್ನೆ ಎಷ್ಟು ಸಲ ಉಂಡಿರಿ, ಮನೆಯಲ್ಲಿ ಹಾಲಿದೆಯೇ, ನೀರಿಗೆ ಎಷ್ಟು ದೂರ ನಡೆಯುತ್ತೀರಿ, ಆಡುಗಳು ಎಷ್ಟು ಸತ್ತವು. ಆಮೇಲೆ ಚಿಕ್ಕ ಮಕ್ಕಳ ತೋಳಿಗೆ ಬಣ್ಣದ ಪಟ್ಟಿ ಸುತ್ತಬೇಕು. ಹಸಿರು ಬಂದರೆ ಮಗು ಚೆನ್ನಾಗಿದೆ, ಹಳದಿ ಬಂದರೆ ಸೊರಗುತ್ತಿದೆ, ಕೆಂಪು ಬಂದರೆ ಆಸ್ಪತ್ರೆಗೆ ಒಯ್ಯಬೇಕು. ಆರು ವರ್ಷದಿಂದ ಇದೇ ನನ್ನ ಕೆಲಸ. ನನ್ನಪ್ಪ ನಂಗಿರೋನ ಹಟ್ಟಿ ಒಂದು ಕಾಲದಲ್ಲಿ ಲೋರೆಂಗ್‌ನ ಪಕ್ಕದಲ್ಲೇ ಇತ್ತು. ಅಲ್ಲಿಯ ಹೆಂಗಸರು ನನ್ನನ್ನು ಮೂಗು ಸೋರುತ್ತಿದ್ದ ಕಾಲದಿಂದ ಬಲ್ಲವರು.

ಆ ವರ್ಷ ಹಿಂಗಾರು ಕೈಕೊಟ್ಟಿತ್ತು. ಮಾರ್ಚ್ ನಡುವೆ ಕಚೇರಿಯಿಂದ ಕರೆ ಬಂತು. ಎವೆಸಿತ್ ಎಂಬ ಹುಡುಗಪ್ರಾಯದ ಅಧಿಕಾರಿ ತನ್ನ ಕಂಪ್ಯೂಟರಿನ ಎದುರು ನನ್ನನ್ನು ಕೂರಿಸಿದ. ಉಪಗ್ರಹ ಕಳಿಸುವ ಚಿತ್ರಗಳನ್ನು ಓದುವುದು ಅವನ ಕೆಲಸ. ಹತ್ತು ದಿನಕ್ಕೊಂದು ಚಿತ್ರ ಬರುತ್ತದೆ. ನೆಲದ ಮೇಲೆ ಹಸಿರು ಎಷ್ಟಿದೆ ಎಂದು ಹಿಂದಿನ ಇಪ್ಪತ್ತು ವರ್ಷಗಳ ಇದೇ ದಿನಗಳ ಜೊತೆ ಹೋಲಿಸಿ ಅದಕ್ಕೆ ಬಣ್ಣ ಹಚ್ಚುತ್ತಾರೆ. ಲೋರೆಂಗ್ ಇದ್ದ ಕಡೆ ಸುಟ್ಟ ರೊಟ್ಟಿಯ ಹಾಗೆ ಕಂದಾಗಿತ್ತು.

"ಮೂರು ತಿಂಗಳಿಂದ ಹೀಗೇ ಇದೆ ಅಕ್ಕಾ," ಎಂದ. "ಆದ್ರೆ ನಿನ್ನ ಫಾರಂ ನೋಡು. ಜನವರೀಲಿ ಎಂಟು ಮನೇಲೂ ಹಾಲಿದೆ. ಫೆಬ್ರವರೀಲೂ ಎಂಟು. ಮೊನ್ನೇನೂ ಎಂಟು. ಎರಡು ಹೊತ್ತು ಊಟ. ಮಕ್ಕಳೆಲ್ಲಾ ಹಸಿರು."

"ಇರೋದನ್ನೇ ಬರ್ದಿದೀನಿ."

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ದೊಡ್ಡ ಸಾಹೇಬ್ರು ಕೇಳು ಅಂದ್ರು, ಅದಕ್ಕೇ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಎಲ್ಲಾದ್ರೂ ಮರದಡಿ ಕೂತು ಫಾರಂ ತುಂಬಿಲ್ಲ ತಾನೆ?"

ನನಗೆ ಮೈಯೆಲ್ಲ ಉರಿದುಹೋಯಿತು. "ಎಂಟು ಮನೇಲೂ ಹಾಲು ಹಾಕಿದ ಚಹಾ ಕುಡ್ದಿದೀನಿ ಕಣೋ! ನನ್ನ ಬಾಯಿ ಸುಳ್ಳು ಹೇಳುತ್ತಾ? ನಿನ್ನ ಉಪಗ್ರಹ ಅಷ್ಟು ಮೇಲಿಂದ ಒಲೆ ಮೇಲಿನ ಪಾತ್ರೆ ನೋಡಿತ್ತಾ?"

"ಪಾತ್ರೆ ಕಾಣಲ್ಲ. ಹುಲ್ಲು ಕಾಣುತ್ತೆ. ಹುಲ್ಲಿಲ್ಲದೆ ಹಾಲು ಎಲ್ಲಿಂದ ಬಂತು, ಅದೊಂದು ಹೇಳು ಸಾಕು."

ಚಿತ್ರ ಬರ ಎನ್ನುತ್ತಿತ್ತು, ನನ್ನ ಫಾರಂ ಹಸಿವಿಲ್ಲ ಎನ್ನುತ್ತಿತ್ತು. ಎರಡೂ ಒಂದೇ ಮಾತು ಹೇಳುವವರೆಗೆ ಮೇವಿನ ಲಾರಿಯಾಗಲಿ ಮಕ್ಕಳ ಪೌಷ್ಟಿಕ ಆಹಾರವಾಗಲಿ ಪಟ್ಟಣ ಬಿಟ್ಟು ಕದಲುವುದಿಲ್ಲ. ಅದು ನನಗೆ ಗೊತ್ತಿತ್ತು.

ಮಾರನೆಯ ದಿನ ಮಂಗಳವಾರವೂ ಅಲ್ಲ, ತಿಂಗಳ ಮೊದಲೂ ಅಲ್ಲ. ಸಾಮಾನಿನ ಲಾರಿಯೊಂದು ನನ್ನನ್ನು ಒಣಗಿದ ಹೊಳೆಯ ತಿರುವಿನಲ್ಲಿ ಇಳಿಸಿತು. ಅಲ್ಲಿಂದ ನಡೆದೇ ಹೋದೆ. ಸಿಟ್ಟಿನಲ್ಲಿ ದಾರಿ ಸವೆದದ್ದೇ ತಿಳಿಯಲಿಲ್ಲ. ಎಂಟು ಮನೆಯ ಹಾಲನ್ನು ಫೋನಿನಲ್ಲಿ ಫೋಟೋ ತೆಗೆದು ಆ ಹುಡುಗನ ಮುಖಕ್ಕೆ ಹಿಡಿಯಬೇಕು ಎಂದುಕೊಂಡಿದ್ದೆ.

ಮುಳ್ಳುಬೇಲಿ ದಾಟಿದಾಗ ಮೊದಲು ಕಂಡದ್ದು ಒಲೆ. ಅದರ ಮೇಲೆ ದೊಡ್ಡ ಪಾತ್ರೆಯಲ್ಲಿ ಎಡುಂಗ್ ಕಾಯಿ ಕುದಿಯುತ್ತಿತ್ತು. ಕಾಡಿನ ಆ ಕಾಯಿಯನ್ನು ಏಳು ಸಲ ಬೇಯಿಸಿ ಏಳು ಸಲ ನೀರು ಚೆಲ್ಲಿದರೂ ಕಹಿ ಪೂರ್ತಿ ಹೋಗುವುದಿಲ್ಲ. ಬೇರೆ ಏನಾದರೂ ಇರುವ ಮನೆಯಲ್ಲಿ ಅದನ್ನು ಯಾರೂ ಬೇಯಿಸುವುದಿಲ್ಲ. ಎರಡನೆಯ ಮನೆಯ ಮುಂದೆ ನೋಡಿದೆ, ಅಲ್ಲೂ ಅದೇ. ಮೂರನೆಯ ಮನೆಯಲ್ಲಿ ಒಲೆಯೇ ಹೊತ್ತಿರಲಿಲ್ಲ. ಆಡುಗಳ ದೊಡ್ಡಿ ಖಾಲಿ. ಊರಿಗೆಲ್ಲ ಉಳಿದಿದ್ದುದು ಕುಂಟುವ ಒಂದು ಹೆಣ್ಣೊಂಟೆ.

ಹಿರಿಯಳಾದ ನಕೊಯೆಲ್ ಅಜ್ಜಿ ನೆರಳಲ್ಲಿ ಕಾಲು ಚಾಚಿ ಕೂತಿದ್ದಳು. ನನ್ನನ್ನು ಕಂಡವಳೇ ಕೈ ಊರಿ ಎದ್ದಳು.

"ಏನೇ ಇದು? ಹೇಳ್ದೆ ಕೇಳ್ದೆ ಬರೋದು ಕಳ್ಳರ ಬುದ್ಧಿ. ಬೈಕ್ ಎಲ್ಲಿ? ಯಾವ ವಾರ ಇವತ್ತು?"

"ಅಜ್ಜೀ, ಆಡುಗಳು ಎಲ್ಲಿ?"

"ಗಂಡಸರು ಹೊಡ್ಕೊಂಡು ಹೋದ್ರು. ಗುಡ್ಡದಾಚೆ."

"ಯಾವಾಗ?"

"ಹೋದ್ರು ಬಿಡು, ಯಾವಾಗಲೋ."

ಅಷ್ಟರಲ್ಲಿ ಪಕ್ಕದ ಮನೆಯ ನಪೆಯೋಕ್ ಬಂದಳು. ಸಾವಿನ ಮನೆಯಲ್ಲೂ ನಗಿಸುವ ಹೆಂಗಸು ಅವಳು. ನನ್ನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು.

"ಸಿಕ್ಕಿಬಿದ್ವಲ್ಲ ಅಜ್ಜೀ! ಇನ್ನು ಮುಚ್ಚಿಟ್ಟು ಏನು ಬಂತು, ಹೇಳ್ಬಿಡೋಣ."

"ಬಾಯಿ ಮುಚ್ಚೇ."

"ನೋಡು ನತೋಮೆ," ಎಂದು ನಪೆಯೋಕ್ ನನ್ನ ಪಕ್ಕ ಕೂತಳು. "ಆ ಕುಂಟು ಒಂಟೆ ಅರೋಟೋದು, ಅಜ್ಜಿ ಸೊಸೇದು. ಬೆಳಗ್ಗೆ ಕರೆದ್ರೆ ಒಂದು ಸೋರೆಬುರುಡೆ ಹಾಲು. ನಿನ್ನ ಬೈಕಿನ ಸದ್ದು ಕೇಳ್ತಿದ್ದ ಹಾಗೇ ಅದು ಮೊದಲನೇ ಮನೆಗೆ. ನೀನು ಅಲ್ಲಿ ಚಹಾ ಕುಡ್ದು ಬರೆಯೋಕೆ ಕೂತ್ರೆ, ಬುರುಡೆ ನನ್ನ ಹೊದಿಕೆ ಒಳಗೆ, ಬೇಲಿ ಹಿಂದಿನಿಂದ ಎರಡನೇ ಮನೆಗೆ. ಆಮೇಲೆ ಮೂರನೇದಕ್ಕೆ. ಬರೆಯೋವಾಗ ನೀನು ತಲೇನೇ ಎತ್ತಲ್ಲ ಕಣೆ, ನಮ್ಗೆ ಅದೇ ಅನುಕೂಲ ಆಯ್ತು."

ಹಾಲು ಕೆಡದಿರಲೆಂದು ಬುರುಡೆಯ ಒಳಗೆ ಒಂದೊಂದು ಮನೆಯವರು ಒಂದೊಂದು ಮರದ ಕೊಳ್ಳಿಯ ಹೊಗೆ ಹಾಕುತ್ತಾರೆ. ಯಾರ ಮನೆಯ ಹಾಲು ಎಂದು ಕಣ್ಣು ಮುಚ್ಚಿಯೂ ಹೇಳಬಹುದು. ಮೂರು ತಿಂಗಳು ಎಂಟೆಂಟು ಮನೆಯಲ್ಲಿ ನಾನು ಒಂದೇ ಹೊಗೆಯ ವಾಸನೆಯ ಚಹಾ ಕುಡಿದಿದ್ದೆ. ಹಟ್ಟಿಯಲ್ಲಿ ಹುಟ್ಟಿ ಬೆಳೆದ ನನ್ನ ನಾಲಿಗೆಗೆ ಅದು ತಿಳಿಯಲಿಲ್ಲ. ಅಥವಾ ತಿಳಿದೂ ನಾನು ಗಮನ ಕೊಡಲಿಲ್ಲ. ಇನ್ನೂ ಎಷ್ಟು ಫಾರಂ ಬಾಕಿ ಇದೆ ಎಂಬುದರ ಮೇಲೇ ಧ್ಯಾನವಿತ್ತು.

"ಯಾಕಜ್ಜೀ ಹೀಗೆ ಮಾಡಿದ್ರಿ?"

ಅಜ್ಜಿಗೆ ನಿಜವಾಗಿಯೂ ಸಿಟ್ಟು ಬಂತು. "ಯಾಕೆ ಅಂದ್ರೆ? ನೀನು ನಂಗಿರೋ ಮಗಳು. ನಿನ್ನ ಒಣಬಾಯಲ್ಲಿ ಕಳಿಸಿದ್ರೆ ನಿಮ್ಮಪ್ಪ ನಾಳೆ ಎದುರು ಸಿಕ್ಕಾಗ ಯಾವ ಮುಖ ತೋರಿಸ್ಲಿ? ಚಹಾ ಕುಡಿದ ಮೇಲೆ 'ಮನೇಲಿ ಹಾಲಿದ್ಯಾ' ಅಂತ ಕೇಳ್ತೀಯ. ಕೈಯಲ್ಲಿ ಲೋಟ ಹಿಡ್ಕೊಂಡು ಕೇಳ್ತೀಯ! ಇಲ್ಲ ಅನ್ನೋಕಾಗುತ್ತಾ? ನೀನು ಕುಡ್ದಿದ್ದು ಏನು ಹಂಗಾದ್ರೆ?"

ನಾನು ಚೀಲದಿಂದ ಪಟ್ಟಿ ತೆಗೆದೆ. "ಮಕ್ಕಳನ್ನ ಕರೀರಿ. ಎಲ್ಲರನ್ನೂ."

ಪ್ರತಿ ತಿಂಗಳು ನನ್ನ ಮುಂದೆ ನಾಲ್ಕೈದು ಮಕ್ಕಳು ನಿಲ್ಲುತ್ತಿದ್ದರು. ಉಳಿದವರು ಅಜ್ಜನ ಮನೆಗೆ ಹೋಗಿದ್ದಾರೆ, ಮಲಗಿದ್ದಾರೆ ಎನ್ನುತ್ತಿದ್ದರು. ಅಂದು ಹನ್ನೊಂದು ಮಕ್ಕಳು ಬಂದರು. ಐದು ಮಕ್ಕಳಿಗೆ ಹಳದಿ ಬಂತು. ಕೊನೆಗೆ ಅರೋಟೋ ತನ್ನ ಎರಡು ವರ್ಷದ ಮಗಳು ಅಪುವಾಳನ್ನು ಎತ್ತಿಕೊಂಡು ಬಂದಳು. ಮಗು ಅಳಲೂ ಇಲ್ಲ, ಕೈ ಎಳೆದುಕೊಳ್ಳಲೂ ಇಲ್ಲ. ಪಟ್ಟಿ ಕೆಂಪಿನಲ್ಲಿ ನಿಂತಿತು.

"ಇವಳನ್ನ ಯಾಕೆ ತೋರಿಸ್ಲಿಲ್ಲ ಅರೋಟೋ?"

"ನೋಡಿದವರು ಏನಂತಾರೆ? ತಾಯಿಗೆ ಸಾಕೋ ಯೋಗ್ಯತೆ ಇಲ್ಲ ಅಂತಾರೆ."

ನಾನು ಬರುತ್ತಿದ್ದ ದಿನ ಆ ಬುರುಡೆಯ ಹಾಲು ಇವಳ ಬಾಯಿಗೆ ಹೋಗುತ್ತಿರಲಿಲ್ಲ. ಅರೋಟೋ ಹಾಗೆಂದು ಹೇಳಲಿಲ್ಲ, ಹೇಳುವವಳೂ ಅಲ್ಲ. ನಾನೇ ಲೆಕ್ಕ ಹಾಕಿಕೊಂಡೆ. ಮಗುವಿನ ತೋಳಿನ ಪಟ್ಟಿ ಬಿಚ್ಚಿ ಎದ್ದೆ.

ಫೋನಿಗೆ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ. ಅಲ್ಲಿಗೆ ಹತ್ತಿ ಎವೆಸಿತ್‌ಗೆ ಫೋನ್ ಮಾಡಿದೆ.

"ನಿನ್ನ ಚಿತ್ರ ಸರಿಯಾಗಿದೆ. ನಂದು ತಪ್ಪು. ಮೂರು ತಿಂಗಳದ್ದೂ ತಪ್ಪು."

ಅವನು 'ನಾನು ಹೇಳಲಿಲ್ಲವೇ' ಎಂದಿದ್ದರೆ ಅಲ್ಲೇ ಫೋನ್ ಇಡುತ್ತಿದ್ದೆ. ಅವನು ಕೇಳಿದ್ದು ಬೇರೆ. "ಕೆಂಪು ಎಷ್ಟು ಅಕ್ಕಾ?"

"ಒಂದು."

"ಆ ಮಗೂನ ಇವತ್ತೇ ಹೊರಡಿಸು. ಗಾಡಿಗೆ ನಾನು ಹೇಳ್ತೀನಿ."

ಅಪುವಾ ಸಂಜೆಯೊಳಗೆ ಆಸ್ಪತ್ರೆ ಸೇರಿದಳು. ಕಚೇರಿಯಲ್ಲಿ ಮಾತ್ರ ನನಗೆ ಎರಡು ದಿನ ಕಷ್ಟವಾಯಿತು. ಮೇಜಿನ ಸುತ್ತ ಹತ್ತು ಜನ ಕೂತಿದ್ದ ಸಭೆಯಲ್ಲಿ ದೊಡ್ಡ ಸಾಹೇಬರು, "ಮೂರು ತಿಂಗಳ ವರದಿಯನ್ನ ಹರಿದು ಹಾಕು ಅಂತೀಯಲ್ಲ, ಇದಕ್ಕೆ ಯಾರು ಹೊಣೆ?" ಎಂದರು.

"ನಾನು," ಎಂದೆ. "ಅವರು ಕೊಟ್ಟ ಹಾಲನ್ನ ನಾನು ಕುಡ್ದೆ. ಕುಡ್ದು 'ಹಾಲಿದೆ' ಅಂತ ಬರ್ದೆ. ಆ ಹೆಂಗಸರು ಸುಳ್ಳು ಹೇಳಿಲ್ಲ. ಮನೆಗೆ ಬಂದವರಿಗೆ ಕೊಡೋದನ್ನ ಕೊಟ್ರು."

ಒಬ್ಬರು ನಕ್ಕರು. ಉಳಿದವರು ನಗಲಿಲ್ಲ. ಬೇರೆ ಹಟ್ಟಿಗಳಿಗೆ ಹೋಗುತ್ತಿದ್ದ ಹಿರಿಯ ಗಣತಿದಾರನೊಬ್ಬ ಕೆಮ್ಮಿ, "ನಾನೂ ಚಹಾ ಕುಡಿಯೋನೇ. ಒಂದ್ಸಲ ಹೋಗಿ ನೋಡ್ಬೇಕು," ಎಂದ. ಅವನು ಹೋಗಿ ನೋಡಿದ. ನಾಲ್ಕು ಹಟ್ಟಿಗಳಲ್ಲಿ ಎರಡು ಲೋರೆಂಗ್‌ನ ಹಾಗೇ ಇದ್ದವು.

ವರದಿ ತಿದ್ದಿದರು. ಒಂಬತ್ತನೆಯ ದಿನ ಮಕ್ಕಳಿಗೆ ಕಡಲೆಕಾಯಿ ಪೇಸ್ಟಿನ ಪೊಟ್ಟಣಗಳು ಬಂದವು. ಮನೆಗಳಿಗೆ ಜೋಳದ ಹಿಟ್ಟು, ಒಂಟೆಗೆ ಮೇವು ಬರಲು ಇನ್ನೂ ಎರಡು ವಾರ ಹಿಡಿಯಿತು. ಜನವರಿಯಲ್ಲೇ ಬರಬೇಕಾಗಿದ್ದ ಸಾಮಾನು ಅದು. ಯಾರೂ ಸಾಯಲಿಲ್ಲ. ಆದರೂ ತಡವಾದ ಆ ತಿಂಗಳುಗಳು ನನ್ನ ಮನಸ್ಸಿನಿಂದ ಹೋಗಿಲ್ಲ.

ನನ್ನ ಕೆಲಸ ಉಳಿಯಿತು. ಆದರೆ ಹೋಗುವ ದಿನ ಯಾರಿಗೂ ತಿಳಿಯಬಾರದು, ಪ್ರಶ್ನೆ ಮುಗಿಯುವವರೆಗೆ ಏನೂ ಮುಟ್ಟಬಾರದು ಎಂದು ಹೊಸ ನಿಯಮ ಮಾಡಿದರು. ನಕೊಯೆಲ್ ಅಜ್ಜಿಗೆ ಇದರಿಂದ ಎಷ್ಟು ಅವಮಾನವಾಯಿತೆಂದರೆ ಏಪ್ರಿಲ್ ಮೊದಲಿಗೆ ಹೋದಾಗ ನನ್ನ ಯಾವ ಪ್ರಶ್ನೆಗೂ ಬಾಯಿ ಬಿಡಲಿಲ್ಲ. ಅವಳ ಫಾರಂ ಖಾಲಿ ಹೋಯಿತು. ಹತ್ತು ದಿನ ಬಿಟ್ಟು ನಾನೇ ಚಹಾಪುಡಿ ಸಕ್ಕರೆ ಒಯ್ದು ಅವಳ ಒಲೆಯ ಮೇಲೆ ಕುದಿಸಿ ಅವಳಿಗೇ ಕೊಟ್ಟೆ. ಕುಡಿದಳು. "ಬಣ್ಣದ ನೀರು," ಎಂದಳು. ಆಮೇಲೆ ಎಲ್ಲವನ್ನೂ ಸರಿಯಾಗಿ ಬರೆಸಿದಳು. ನಡುವೆ ನನ್ನ ಗಂಡನ ಬಗ್ಗೆಯೂ ನಾಲ್ಕು ಪ್ರಶ್ನೆ ಕೇಳಿದಳು.

ಏಪ್ರಿಲ್ ಕೊನೆಗೆ ಎವೆಸಿತ್ ತಾನೇ ಲೋರೆಂಗ್ ನೋಡಬೇಕೆಂದು ಬಂದ. ಆಗಲೇ ಎರಡು ಮಳೆ ಬಿದ್ದಿತ್ತು. ಅಪುವಾ ವಾರದ ಹಿಂದೆ ಮನೆಗೆ ಬಂದಿದ್ದಳು. ಅವಳನ್ನು ಅಪರಿಚಿತನಾದ ಅವನ ಮಡಿಲಲ್ಲಿ ಕೂರಿಸಿದ ಕೂಡಲೇ ಹಟ್ಟಿಯೇ ಹಾರಿಹೋಗುವ ಹಾಗೆ ಕಿರುಚಿದಳು. ಅರೋಟೋ ಅದನ್ನು ಕೇಳಿ ಹಿಗ್ಗಿದಳು.

ಎವೆಸಿತ್ ಫೋನಿನಲ್ಲಿ ಉಪಗ್ರಹದ ಹೊಸ ಚಿತ್ರ ತೋರಿಸಿದ. ಹೆಂಗಸರೆಲ್ಲ ಬಗ್ಗಿ ನೋಡಿದರು.

"ನಮ್ಮ ಆಡು ಎಲ್ಲಿದಾವೆ ಇದ್ರಲ್ಲಿ?" ಅಜ್ಜಿ ಕೇಳಿದಳು.

"ಆಡು ಕಾಣಲ್ಲ ಅಜ್ಜಿ. ಹುಲ್ಲು ಮಾತ್ರ. ಇಗೋ, ಈ ಹಸಿರು ನೋಡಿ. ಇಲ್ಲಿಂದ ಮೂರು ದಿನದ ನಡಿಗೆ, ಗುಡ್ಡದ ಹಿಂದಿನ ಕಣಿವೆ. ಎಲ್ಲಕ್ಕಿಂತ ಒಳ್ಳೆ ಮೇವು ಅಲ್ಲೇ ಇದೆ. ನಿಮ್ಮ ಗಂಡುಮಕ್ಕಳಿಗೆ ಹೇಳಿ ಕಳಿಸ್ಬಹುದು."

"ಯಾವತ್ತು ಹಸಿರಾಯ್ತು ಅದು?"

"ಚಿತ್ರ ಬಂದಿದ್ದು ಮೊನ್ನೆ."

ಅಜ್ಜಿ ನಪೆಯೋಕ್ ಕಡೆ ತಿರುಗಿದಳು. "ನನ್ನ ದೊಡ್ಡ ಮಗ ಆ ಕಣಿವೆಗೆ ಹೋಗಿ ಎಷ್ಟು ದಿನ ಆಯ್ತೇ?"

"ಹನ್ನೆರಡು ದಿನ."

ಎಲ್ಲರೂ ನಕ್ಕರು. ಎವೆಸಿತ್ ಎಲ್ಲರಿಗಿಂತ ಜೋರಾಗಿ ನಕ್ಕ. ನಗು ಇಳಿದ ಮೇಲೆ ಅಜ್ಜಿ ಅವನ ಫೋನನ್ನು ಮತ್ತೆ ಕೈಗೆ ತೆಗೆದುಕೊಂಡು, ಆ ಹಸಿರು ಚುಕ್ಕೆಯನ್ನು ತುಂಬ ಹೊತ್ತು ನೋಡಿದಳು. ಕಣಿವೆಗೆ ಹೊರಟ ಸುದ್ದಿ ಬಂದ ಮೇಲೆ ಮಗನಿಂದ ಬೇರೆ ಯಾವ ಸುದ್ದಿಯೂ ಬಂದಿರಲಿಲ್ಲ.

"ಅಲ್ಲಿ ಇನ್ನೂ ಹುಲ್ಲಿದೆ ಅಂತೀಯ?"

"ಇದೆ ಅಜ್ಜಿ. ಚೆನ್ನಾಗಿದೆ."

"ಹಾಗಾದ್ರೆ ಸರಿ," ಎಂದು ಅಜ್ಜಿ ಫೋನನ್ನು ಎರಡೂ ಕೈಯಿಂದ ಅವನಿಗೆ ಹಿಂದಿರುಗಿಸಿದಳು.