ಹಿರಿಸೊಸೆಯ ಹೊಸ ಹಾಸಿಗೆ

ಹಾಸಿಗೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ದಬ್ಬಣ ಅಂತಲೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಅದೇ ಅಂಗಡಿಯ ಹಿಂಭಾಗದಲ್ಲಿ ಕಾಲು ಚಾಚಿ ಕೂತು ಹಾಸಿಗೆ ಹೊಲಿಯುತ್ತಿದ್ದವಳು. ಗೇಣುದ್ದದ ದಬ್ಬಣವನ್ನು ಈ ಕಡೆಯಿಂದ ಚುಚ್ಚಿದರೆ ಆ ಕಡೆ ಎಲ್ಲಿ ಬರಬೇಕೋ ಅಲ್ಲೇ ಬರುತ್ತಿತ್ತು, ಬಗ್ಗಿ ನೋಡುವ ಅಗತ್ಯವಿರಲಿಲ್ಲ. ನಾಲಿಗೆಯೂ ಅಷ್ಟೇ ಚೂಪು ಅಂತ ಜೊತೆಯವರು ತಮಾಷೆ ಮಾಡುತ್ತಿದ್ದರು. ಮನೆಗೆ ಹೋದರೆ ಮಾತ್ರ ಅವಳು ಬರೀ ಕಿರಿಸೊಸೆ. ಅಲ್ಲಿ ಅವಳಿಗೆ ನಾಲಿಗೆಯೇ ಇರಲಿಲ್ಲ.

ಮಾವ ಕಟ್ಟಿಸಿ ಹೋದ ಮನೆ ಅದು. ಮುಂದಿನ ಪಡಸಾಲೆ, ದೊಡ್ಡ ಕೋಣೆ ಭಾವನಿಗೆ ಮತ್ತು ಹಿರಿಸೊಸೆಗೆ. ಹಿಂದೆ ಆಮೇಲೆ ಇಳಿಸಿದ ತಗಡಿನ ಮಾಡಿನ ಕೋಣೆ ಕಿರಿಯರಿಗೆ. ಉಳಿದ ಕಾಲದಲ್ಲಿ ಹೇಗೋ ನಡೆಯುತ್ತಿತ್ತು. ಬೇಸಿಗೆ ಬಂತೆಂದರೆ ಆ ತಗಡು ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿಯಿಡೀ ಕಕ್ಕುತ್ತಿತ್ತು. ನೀರು ಕುಡಿಯಲು ಲೋಟ ಮುಟ್ಟಿದರೆ ಲೋಟವೂ ಬೆಚ್ಚಗೆ.

ಮುಂಭಾಗದ ಮೇಲೆ ಒಳ್ಳೆಯ ತಾರಸಿ ಇತ್ತು. ಸಂಜೆಯಾದರೆ ತಣ್ಣನೆ ಗಾಳಿ ಬೀಸುತ್ತಿತ್ತು. ಆದರೆ ಮೆಟ್ಟಿಲಿನ ಬಾಗಿಲಿಗೆ ಬೀಗ, ಬೀಗದ ಕೈ ಹಿರಿಸೊಸೆಯ ಸೊಂಟದಲ್ಲಿ.

ಹೋದ ಬೇಸಿಗೆಯಲ್ಲಿ ಕಿರಿಸೊಸೆ ಮೂರು ಸಲ ಕೇಳಿದಳು. "ಅಕ್ಕಾ, ಇವರು ಬೆಳಿಗ್ಗೆ ಐದಕ್ಕೇ ಎದ್ದು ಕೆಲಸಕ್ಕೆ ಓಡ್ತಾರೆ. ರಾತ್ರಿ ಒಂದು ಚೂರೂ ನಿದ್ದೆ ಇಲ್ಲ. ಸೆಕೆ ಇಳಿಯೋವರೆಗೆ ತಾರಸಿಯಲ್ಲಿ ಮಲಗ್ತೀವಿ."

"ನೆತ್ತಿ ಮೇಲೆ ಯಾರಾದ್ರೂ ಹೊರಳಾಡಿದ್ರೆ ನಂಗೆ ನಿದ್ದೆ ಹತ್ತಲ್ಲ ಕಣೇ" ಅಂದಳು ಹಿರಿಸೊಸೆ, ಮೂರು ಸಲವೂ. "ಕಿಟಕಿ ತೆಗೆದು ಮಲಗಿ. ಪ್ರಪಂಚದಲ್ಲಿ ನಿಮಗೊಬ್ಬರಿಗೇನಾ ಸೆಕೆ?"

ಕಿರಿಸೊಸೆಯ ಗಂಡ ಹಸುವಿನಂಥವನು. "ಹೋಗ್ಲಿ ಬಿಡು, ಇನ್ನೆಷ್ಟು ದಿನ" ಅನ್ನುತ್ತಾ ಒದ್ದೆ ಟವೆಲನ್ನು ಎದೆ ಮೇಲೆ ಹಾಕಿಕೊಂಡು ಮಾಡು ನೋಡುತ್ತಿದ್ದ. ಅವನದು ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ ರಟ್ಟು ಕತ್ತರಿಸುವ ಯಂತ್ರದ ಕೆಲಸ. ನಲವತ್ತು ರಾತ್ರಿ ಹಾಗೇ ಕಳೆಯಿತು. ನಲವತ್ತೊಂದನೆಯ ಬೆಳಿಗ್ಗೆ ಯಂತ್ರದ ಮುಂದೆ ನಿಂತಲ್ಲೇ ಅವನಿಗೆ ತೂಕಡಿಕೆ ಬಂತು. ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಗೆ ಹಿರಿಸೊಸೆಯೂ ನೋಡಲು ಬಂದಳು. ಮಂಚದ ಪಕ್ಕ ನಿಂತು, ಬ್ಯಾಂಡೇಜು ಕಂಡು ಲೊಚಗುಟ್ಟಿ, "ಹುಷಾರಾಗಿ ಕೆಲಸ ಮಾಡ್ಬೇಕಪ್ಪಾ" ಅಂದಳು. "ರಾತ್ರಿ ಹೊತ್ತು ಸರಿಯಾಗಿ ನಿದ್ದೆ ಮಾಡ್ಬೇಕು."

ಕಿರಿಸೊಸೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೂತಿದ್ದಳು. ಆದರೆ ಆ ಮಾತು ಅವಳ ಕಿವಿಯೊಳಗೆ ಹೋಗಿ ಕೂತದ್ದು ಏಳಲೇ ಇಲ್ಲ. ಮಳೆ ಬಂತು, ಚಳಿ ಬಂತು. ಗಂಡ ಮೂರು ಬೆರಳಲ್ಲಿ ಅನ್ನ ಕಲೆಸುವುದನ್ನು ಕಲಿತ, ಅದೇ ಕಾರ್ಖಾನೆಯ ಗೇಟು ಕಾಯುವ ಕೆಲಸಕ್ಕೆ ಸೇರಿದ. ಅವನು ಎಲ್ಲ ಮರೆತ ಹಾಗಿದ್ದ. ಅವಳು ಮಾತ್ರ ಕಾದಳು.

ಕಾದದ್ದು ತಾನಾಗಿಯೇ ಮನೆಬಾಗಿಲಿಗೆ ಬಂತು. ಮುಂದಿನ ಬೇಸಿಗೆ ಶುರುವಾಗುವ ಹೊತ್ತಿಗೆ ಹಿರಿಸೊಸೆಗೆ ಹೊಸ ಹಾಸಿಗೆಯ ಹುಚ್ಚು ಹಿಡಿಯಿತು. ಎದುರುಮನೆಯವರು ಎತ್ತರದ ಹಾಸಿಗೆ ತರಿಸಿದ್ದರಂತೆ.

"ನೀನೇ ಹೊಲಿ ಕಣೇ. ನಿನ್ನ ಕೈ ಯಾರಿಗೂ ಇಲ್ಲ. ಎತ್ತರ ಇರ್ಬೇಕು, ಕೂತರೆ ಮೆತ್ತಗೆ ಒಳಗೆ ಹೋಗ್ಬೇಕು. ಎದುರುಮನೆಯವಳು ನೋಡಿ ಹೊಟ್ಟೆ ಉರ್ಕೋಬೇಕು."

"ಮಾಡಿಕೊಡ್ತೀನಕ್ಕಾ" ಅಂದಳು ಕಿರಿಸೊಸೆ. "ನಿಮಗೆ ಅಂತ ಕೈಯಾರೆ ಮಾಡ್ತೀನಿ."

ಬೇಸಿಗೆಯ ಹಾಸಿಗೆ ಹೇಗಿರಬೇಕೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿರಲಿಲ್ಲ. ತೆಳ್ಳಗಿರಬೇಕು. ಹತ್ತಿಯನ್ನು ಬಿಸಿಲಿಗೆ ಹಾಕಿ, ಚೆನ್ನಾಗಿ ಹಿಂಜಿ, ಒಳಗೆ ಗಾಳಿ ಆಡುವಂತೆ ಸಡಿಲವಾಗಿ ತುಂಬಬೇಕು. ಗವಸು ನೂಲಿನದಾಗಿರಬೇಕು, ಒಗೆದು ಒಗೆದು ಮೆತ್ತಗಾದದ್ದಾದರೆ ಇನ್ನೂ ವಾಸಿ. ಇಷ್ಟನ್ನೂ ಬಲ್ಲವಳು ಒಂದೊಂದನ್ನೂ ತಿರುವುಮುರುವು ಮಾಡಿದಳು. ಸಂಜೆ ಎಲ್ಲರೂ ಹೋದ ಮೇಲೆ ಅಂಗಡಿಯಲ್ಲಿ ಉಳಿದು, ಮೂಲೆಯಲ್ಲಿ ಬಿದ್ದಿದ್ದ ಸ್ಪಂಜಿನ ಚೂರುಗಳನ್ನು ಗಿಡಿದು ಗಿಡಿದು ತುಂಬಿದಳು. ಅದರ ಮೇಲೆ ಯಂತ್ರಗಳಿಗೆ ಸುತ್ತಿ ಬರುವ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಎರಡು ಮಡಿಕೆ ಹಾಸಿದಳು. ಸದ್ದಾಗದಂತೆ ಅದರ ಮೇಲೊಂದು ಕಂಬಳಿ, ಕೊನೆಗೆ ಒಂದು ಬೆರಳು ದಪ್ಪ ಒಳ್ಳೆಯ ಹತ್ತಿ. ನಡುವೆ ತುಸು ತಗ್ಗು ಬಿಟ್ಟಳು, ಗಂಡ ಹೆಂಡತಿ ಎತ್ತ ಮಲಗಿದರೂ ಉರುಳಿ ಉರುಳಿ ಒಬ್ಬರ ಬೆವರಿಗೆ ಒಬ್ಬರು ಬಂದು ಸೇರಲಿ ಅಂತ. ಗವಸಿಗೆ ಮಿರಿಮಿರಿ ಹೊಳೆಯುವ ನೈಲಾನ್ ಬಟ್ಟೆ. ಹನ್ನೊಂದು ವರ್ಷದಲ್ಲಿ ಅಷ್ಟು ಚೆಂದದ ಹೊಲಿಗೆ ಅವಳು ಇನ್ನಾವ ಹಾಸಿಗೆಗೂ ಹಾಕಿರಲಿಲ್ಲ.

ಎದುರುಮನೆಯವಳು ಬಂದು ನೋಡಿ ಹೊಟ್ಟೆ ಉರಿದುಕೊಂಡೇ ಹೋದಳು. ಹಿರಿಸೊಸೆ ಸಂಭ್ರಮದಲ್ಲಿ ಹಳೆಯ ಹಾಸಿಗೆಯನ್ನು ಯಾರಿಗೋ ಕೊಟ್ಟುಬಿಟ್ಟಳು.

ಮೊದಲ ವಾರ ಸೆಕೆ ಅಷ್ಟಿರಲಿಲ್ಲ. ಎರಡನೆಯ ವಾರ ಏರಿತು. ಹಿಂದಿನ ಕೋಣೆಯಲ್ಲಿ ಕಿರಿಸೊಸೆ ಈ ವರ್ಷ ತಗಡಿನ ಮೇಲೆ ಗೋಣಿಚೀಲ ಹಾಸಿ ಸಂಜೆ ನೀರು ಹೊಯ್ಯುತ್ತಿದ್ದಳು, ಕಿಟಕಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದಳು. ಬೇಗ ಉಂಡು, ಕೈಕಾಲು ತೊಳೆದು, ಒರೆಸಿದ ನೆಲದ ಮೇಲೆ ತೆಳ್ಳನೆ ಚಾಪೆ ಹಾಸಿ ಇಬ್ಬರೂ ಮಲಗುತ್ತಿದ್ದರು. ಗಂಡ ನಿದ್ದೆ ಹೋದ ಮೇಲೆ ಅವಳು ಕಿವಿಗೊಟ್ಟು ಕೇಳುತ್ತಿದ್ದಳು. ಮುಂದಿನ ಕೋಣೆಯಲ್ಲಿ ಮಂಚ ಕಿರುಗುಟ್ಟುತ್ತಿತ್ತು. ಫ್ಯಾನಿನ ಗುಂಡಿ ಟಕ್ಕೆಂದು ತಿರುಗುತ್ತಿತ್ತು. "ಆಚೆ ಸರೀರಿ!" "ನೀನೇ ಸರಿ, ನನ್ನ ಮೇಲೇ ಬಂದು ಬೀಳ್ತೀಯಲ್ಲ!" ಆಮೇಲೆ ನೀರಿನ ಬಿಂದಿಗೆಯ ಸದ್ದು. ಕಿರಿಸೊಸೆಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಆ ಕಿರುಗುಟ್ಟುವಿಕೆಯನ್ನು ಕೇಳುತ್ತಲೇ ಅವಳಿಗೆ ಜೊಂಪು ಹತ್ತುತ್ತಿತ್ತು.

ಊರೂರು ಅಲೆದು ಕಾಗದ ಹಂಚುವ ಅಂಚೆಯ ಕೆಲಸದ ಭಾವ ನಾಲ್ಕೇ ದಿನಕ್ಕೆ ಸೋತು ಪಡಸಾಲೆಯ ಬರಿನೆಲಕ್ಕೆ ಬಂದು ಮಲಗಿದ. ಹಿರಿಸೊಸೆ ಮಾತ್ರ ಹಾಸಿಗೆ ಬಿಡಲಿಲ್ಲ. ಬೀದಿಗೆಲ್ಲ ತೋರಿಸಿದ ಹಾಸಿಗೆ ಅದು. ಅದರ ಮೇಲೆ ಅನುಮಾನ ಪಡುವುದಾದರೂ ಹೇಗೆ? "ಹಾಸಿಗೆ ಬಂಗಾರದಂಥದ್ದು, ನನ್ನ ಮೈಯೇ ನೆಟ್ಟಗಿಲ್ಲ" ಅನ್ನುತ್ತಿದ್ದಳು. ಡಾಕ್ಟರು ವಯಸ್ಸಾಯಿತು ಅಂದರು. ಬೆನ್ನು ತುಂಬ ಬೆವರುಸಾಲೆ ಎದ್ದಿತು. ತಾರಸಿಗೆ ಹೋಗಿ ಮಲಗಲು ಬೀಗದ ಕೈ ಸೊಂಟದಲ್ಲೇ ಇತ್ತು. ಆದರೆ ತಾನು ಹತ್ತಿದರೆ ನಾಳೆ ಕಿರಿಯರೂ ಹತ್ತುತ್ತಾರೆ ಅನ್ನುವ ಹಟ ಅವಳನ್ನು ಕೆಳಗೇ ಹಿಡಿದಿಟ್ಟಿತು.

ಒಂದು ಬೆಳಿಗ್ಗೆ ಊದಿಕೊಂಡ ಕಣ್ಣು ಹೊತ್ತು ಅವಳೇ ಹಿಂದಿನ ಕೋಣೆಗೆ ಬಂದಳು. "ಆ ತಗಡಿನ ಕೆಳಗೆ ನೀವು ಅದ್ಹೇಗೆ ಮಲಗ್ತೀರೇ? ನಂಗೂ ಒಂದಿಷ್ಟು ಹೇಳಿಕೊಡೇ."

ಕಿರಿಸೊಸೆ ಮಣೆ ಹಾಕಿ ಕೂರಿಸಿದಳು.

"ರಾತ್ರಿ ಸುಡುಸುಡು ನೀರಲ್ಲಿ ಸ್ನಾನ ಮಾಡಿ ಅಕ್ಕಾ. ಬೆವರೆಲ್ಲ ಒಂದೇ ಸಲ ಹೊರಗೆ ಹೋಗತ್ತೆ."

"ಹೌದಾ?"

"ಹೊಟ್ಟೆ ತುಂಬ ಉಣ್ಣಿ, ಖಾರ ಮುಂದಾಗಿರಲಿ. ಮಲಗೋ ಮುಂಚೆ ಒಂದು ದೊಡ್ಡ ಲೋಟ ಗಟ್ಟಿ ಕಾಫಿ."

ಹಿರಿಸೊಸೆಗೆ ಕಾಫಿ ಅಂದರೆ ಪ್ರಾಣ. ಈ ಸಲಹೆ ಬಹಳ ಹಿಡಿಸಿತು. "ಮತ್ತೆ ಕಿಟಕಿ?"

"ರಾತ್ರಿ ಎಲ್ಲ ಮುಚ್ಚಿ. ಹೊರಗಿನ ಸೆಕೆ ಒಳಗೆ ಬರಲ್ವಾ? ಹಗಲು ಬೇಕಾದ್ರೆ ತೆಗೆದಿಡಿ."

"ನಿಂಗೆ ಎಷ್ಟು ಗೊತ್ತೇ" ಅಂತ ಹಿರಿಸೊಸೆ ಅವಳ ಕೈ ಹಿಡಿದುಕೊಂಡಳು. ಕಿರಿಸೊಸೆ ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ನಗು ಬಂದರೆ ಕಷ್ಟವೆಂದು ಕೆಳತುಟಿ ಕಚ್ಚಿ ಹಿಡಿದಳು, ಅಷ್ಟೇ.

ಹಿರಿಸೊಸೆ ಮನೆಯಲ್ಲೇ ಶಾಲೆ ಮಕ್ಕಳ ಅಂಗಿ ಹೊಲಿದು ಕೊಡುತ್ತಿದ್ದಳು. ಈಗ ಒಂದೇ ಅಂಗಿಗೆ ಎರಡೂ ಎಡತೋಳು ಕೂರಿಸತೊಡಗಿದಳು. ಹಾಲು ಉಕ್ಕಿ ಒಲೆಯೆಲ್ಲ ಹೊಲಸಾದರೂ ಎದುರಿಗೇ ನಿಂತು ನೋಡುತ್ತಿದ್ದಳು. ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಸೂಜಿ ತೋರುಬೆರಳಿನ ಉಗುರಲ್ಲಿ ಇಳಿದು ಮುರಿಯಿತು. ಕಿರುಚಾಟ ಕೇಳಿ ಓಡಿ ಬಂದವಳು ಕಿರಿಸೊಸೆಯೇ. ಇಕ್ಕಳದಲ್ಲಿ ಸೂಜಿ ಕಿತ್ತು, ಬಟ್ಟೆ ಸುತ್ತಿದಳು. ಬಟ್ಟೆಯಲ್ಲಿ ರಕ್ತ ಒಸರುವುದನ್ನು ನೋಡುತ್ತಾ, ಬೆರಳು ಉಳಿಯಿತಲ್ಲ, ಇವಳಿಗೆ ಬೆರಳು ಉಳಿಯಿತಲ್ಲ ಅಂದುಕೊಂಡಳು. ತನ್ನ ಮನಸ್ಸಿಗೆ ಬಂದ ಮಾತಿಗೆ ತಾನೇ ಒಂದು ಗಳಿಗೆ ಹೆದರಿದಳು. ಆಮೇಲೆ ಗಂಟು ಬಿಗಿದು ಎದ್ದಳು.

ಬೇಸಿಗೆ ನೆತ್ತಿಗೇರಿದ ಒಂದು ರಾತ್ರಿ ಹಿರಿಸೊಸೆ ತಡೆಯಲಾರದೆ ಒಂದು ಬಿಂದಿಗೆ ನೀರನ್ನು ಹಾಸಿಗೆಯ ಮೇಲೇ ಸುರಿದುಕೊಂಡಳು. ನೀರು ಹತ್ತಿಯಲ್ಲಿ ಇಳಿದು ಕೆಳಗೆ ಸೋರಬೇಕಿತ್ತು. ಸೋರಲಿಲ್ಲ. ನಡುವಿನ ತಗ್ಗಿನಲ್ಲಿ ಹಾಗೇ ನಿಂತಿತು. ಎರಡು ದಿನಕ್ಕೆ ಕಮಟು ವಾಸನೆ ಮನೆಯೆಲ್ಲ ತುಂಬಿತು. ಭಾವ ಹಾಸಿಗೆಯನ್ನು ಅಂಗಳಕ್ಕೆ ಎಳೆದು, ಒಣಗಲಿ ಅಂತ ಕತ್ತರಿ ತಂದು ಹೊಲಿಗೆ ಬಿಚ್ಚಿದ.

ಅವನು ಹೊರಗೆಳೆದ ಪ್ಲಾಸ್ಟಿಕ್ ಹಾಳೆ ಎಳೆದಷ್ಟೂ ಬಂತು. ಹಿಂದೆಯೇ ಸ್ಪಂಜಿನ ಚೂರುಗಳು ಅಂಗಳದ ತುಂಬ ಉದುರಿದವು.

"ಇದೇನಮ್ಮಾ ಇದು?" ಅಂದ, ಆಗತಾನೇ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತಿದ್ದ ಕಿರಿಸೊಸೆಯನ್ನು ನೋಡಿ. ಅಂಗಡಿಯವರು ಮೋಸ ಮಾಡಿದರು ಅಂತ ಅವಳು ಹೇಳಬಹುದಿತ್ತು, ಅವನು ನಂಬುತ್ತಿದ್ದ.

"ನಾನೇ ತುಂಬಿದ್ದು ಭಾವ."

ಹಿರಿಸೊಸೆ ಒಂದು ಸ್ಪಂಜಿನ ಚೂರನ್ನು ಎತ್ತಿಕೊಂಡಳು. "ಬೇಕೂಂತ?"

"ಬೇಕೂಂತಲೇ. ಹೋದ ಬೇಸಿಗೆಯಲ್ಲಿ ನನ್ನ ಗಂಡ ನಲವತ್ತು ರಾತ್ರಿ ನಿದ್ದೆಗೆಟ್ಟರು ಅಕ್ಕಾ. ನಾನು ಎಣಿಸಿದ್ದೆ. ನಿಮಗೆ ಇವತ್ತಿಗೆ ಮೂವತ್ತೆಂಟು. ಇನ್ನೆರಡು ಉಳಿದಿತ್ತು."

"ಮನೆಹಾಳಿ! ಒಂದೇ ಸೂರಿನ ಕೆಳಗಿದ್ದು..."

"ಒಂದೇ ಸೂರಲ್ಲ. ನಿಮ್ಮದು ತಾರಸಿ, ನಮ್ಮದು ತಗಡು. ಮೂರು ಸಲ ಬೀಗದ ಕೈ ಕೇಳಿದೆ. ಕೊಟ್ರಾ?"

ಭಾವ ಕತ್ತರಿ ಕೆಳಗಿಟ್ಟ. "ಬೀಗದ ಕೈ ಕೇಳಿದ್ಯಾ? ತಾರಸಿಗೆ ಹೋಗಿ ಮಲಗಿ ಅಂದರೆ ನೀವೇ ಬೇಡ ಅಂದ್ರಂತೆ. ಮೇಲೆ ಹೋದ್ರೆ ನೆಗಡಿ ಆಗತ್ತೆ ಅಂದ್ರಂತೆ." ಅವನು ಹೆಂಡತಿಯ ಕಡೆ ತಿರುಗಿದ. "ಹಾಗಂತ ನೀನೇ ತಾನೇ ಹೇಳಿದ್ದು?"

ಹಿರಿಸೊಸೆ ಸೊಂಟದ ಬೀಗದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಭಾವ ಅವಳ ಸೊಂಟದಿಂದ ಬೀಗದ ಕೈ ಕಿತ್ತುಕೊಂಡು ಮೆಟ್ಟಿಲಿನ ಬಾಗಿಲು ತೆರೆದು ಮೇಲೆ ಹೋದ. ತಮ್ಮನ ಬೆರಳು ಹೋಗಲು ಕಾರಣ ತನ್ನ ಮನೆಯೊಳಗೇ ಇತ್ತು ಎಂದು ತಿಳಿದ ಮನುಷ್ಯ ಅಂದಿನಿಂದ ಹೆಂಡತಿಯ ಜೊತೆ ಮಾತು ಬಿಟ್ಟ.

ವಿಷಯ ತಿಳಿದ ಕಿರಿಸೊಸೆಯ ಗಂಡ ಅವಳನ್ನು ಕೇಳಿದ: "ನನ್ನ ಬೆರಳಿಗೋಸ್ಕರ ಮಾಡಿದ್ಯಾ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ."

ಹಿರಿಸೊಸೆ ಸುಮ್ಮನೆ ಕೂರಲಿಲ್ಲ. ಸ್ಪಂಜನ್ನೂ ಪ್ಲಾಸ್ಟಿಕ್ಕನ್ನೂ ಮೂಟೆ ಕಟ್ಟಿಕೊಂಡು ಅಂಗಡಿಗೆ ಹೋಗಿ ಎಲ್ಲರ ಮುಂದೆ ಸುರಿದಳು. ಯಜಮಾನರು ಕಿರಿಸೊಸೆಯನ್ನು ಒಳಗೆ ಕರೆದರು. "ಕೈತಪ್ಪಿ ಕೆಟ್ಟರೆ ನಾನು ಏನೂ ಅಂತಿರಲಿಲ್ಲ. ಬೇಕೂಂತ ಕೆಡಿಸಿದ ಕೈಯನ್ನ ಹೇಗಮ್ಮಾ ಇಟ್ಕೊಳ್ಲಿ?" ಅಂದರು. ಅವಳು ತನ್ನ ದಬ್ಬಣಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಅಂದು ಮಾತ್ರ ದಾರಿಯಲ್ಲಿ ಅಳು ಬಂತು. ಆ ಅಳುವಿಗೂ ಹಿರಿಸೊಸೆಯೇ ಕಾರಣವೆಂದು ಮನಸ್ಸಿನಲ್ಲಿ ಬರೆದಿಟ್ಟಳು.

ಗಂಡ ಹೆಂಡತಿ ಬೇರೆ ಬೀದಿಯಲ್ಲಿ, ಎರಡು ಕಿಟಕಿಯಿದ್ದ ಮಹಡಿಯ ಕೋಣೆ ಹಿಡಿದರು. ಅವಳು ಮನೆಯಲ್ಲೇ ಶಾಲೆಚೀಲ ಹೊಲಿಯತೊಡಗಿದಳು.

ಮಳೆ ಇನ್ನೂ ಬಿದ್ದಿರಲಿಲ್ಲ. ಒಂದು ರಜಾದಿನ ಮಧ್ಯಾಹ್ನ ಹಿರಿಸೊಸೆ ಮೆಟ್ಟಿಲು ಹತ್ತಿ ಬಂದಳು. ಮೈ ಅರ್ಧಕ್ಕೆ ಇಳಿದಿತ್ತು.

"ಹಾಸಿಗೆ ಬದಲಾಯಿಸಿದೆ ಕಣೇ, ತಾರಸಿಯಲ್ಲೂ ಮಲಗಿ ನೋಡಿದೆ. ನಿದ್ದೆ ಅನ್ನೋದು ನನ್ನ ಹತ್ತಿರ ಸುಳೀತಾನೇ ಇಲ್ಲ. ಅವರು ಮಾತಾಡಲ್ಲ. ಮಾಡು ನೋಡ್ತಾ ಬಿದ್ದಿರ್ತೀನಿ." ಮೈದುನನ ಕಡೆ ತಿರುಗಿ, ಅವನ ಮುಖ ನೋಡಲಾರದೆ ಕೈ ನೋಡುತ್ತಾ, "ನಾನು ಮಾಡಿದ್ದು ತಪ್ಪಾಯ್ತಪ್ಪಾ" ಅಂದಳು.

"ಹೋಗ್ಲಿ ಬಿಡಿ ಅತ್ತಿಗೆ" ಅಂದ ಅವನು, ಕೂಡಲೇ. ನೀರು ಕೊಟ್ಟ. ಫ್ಯಾನನ್ನು ಅವಳ ಕಡೆ ತಿರುಗಿಸಿದ.

ಕಿರಿಸೊಸೆ ಚೀಲದ ಪಟ್ಟಿ ಹೊಲಿಯುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ತಲೆಯೆತ್ತಿದರೆ ಹಿರಿಸೊಸೆ ಗೋಡೆಗೆ ಒರಗಿದವಳು ಹಾಗೇ ನಿದ್ದೆ ಹೋಗಿದ್ದಳು. ಬಾಯಿ ತುಸು ತೆರೆದಿತ್ತು. ಮಕ್ಕಳು ಮಲಗುವಂಥ ನಿದ್ದೆ. ಗಂಡ ಮೂರು ಬೆರಳಿನ ಕೈಯೆತ್ತಿ, ಸದ್ದು ಮಾಡಬೇಡ ಅಂತ ಸನ್ನೆ ಮಾಡಿದ.

ಕಿರಿಸೊಸೆ ಆ ಕೈಯನ್ನು ನೋಡಿದಳು. ನಿದ್ದೆ ಚೆನ್ನಾಗಿ ಇಳಿಯುವವರೆಗೆ ಕಾದಳು. ಆಮೇಲೆ ಎದ್ದು ಹೋಗಿ ಹಿರಿಸೊಸೆಯ ಭುಜ ಹಿಡಿದು ಅಲುಗಿಸಿದಳು.

"ಅಕ್ಕಾ, ಏಳಿ. ನಿಮ್ಮ ಮನೆಗೆ ಹೋಗಿ."

ಹಿರಿಸೊಸೆ ಕಣ್ಣುಬಿಟ್ಟಳು. ಎಲ್ಲಿದ್ದೇನೆಂದು ತಿಳಿಯದೆ ಒಂದು ಕ್ಷಣ ನಕ್ಕಳು ಕೂಡ. ಆಮೇಲೆ ತಿಳಿಯಿತು. ಸೆರಗು ಸರಿಮಾಡಿಕೊಂಡು, ಗೋಡೆ ಹಿಡಿದು ಹಿಡಿದು ಮೆಟ್ಟಿಲಿಳಿದು ಹೋದಳು.

ಗಂಡ ಅಂದು ರಾತ್ರಿ ಉಣ್ಣುವಾಗ ತಲೆಯೆತ್ತಲಿಲ್ಲ. ಅವಳು ಕಿಟಕಿ ತೆಗೆದು, ನೆಲ ಒರೆಸಿ, ಚಾಪೆ ಹಾಸಿ ಮಲಗಿದಳು. ತಂಪುಗಾಳಿ ಬರುತ್ತಿತ್ತು. ಅವಳಿಗೆ ಒಳ್ಳೆಯ ನಿದ್ದೆ ಬಂತು. ಪಕ್ಕದಲ್ಲಿದ್ದವನಿಗೆ ಬಂತೋ ಇಲ್ಲವೋ ಅವಳು ನೋಡಲಿಲ್ಲ.